ಬಾಕಿ ಕೇಳಿದರೆ ಜಾರಿಯೂ ಬರುತ್ತಿದೆ: ಎಕ್ಸೆಲ್ ಫಿಲ್ಟರ್ ಮ್ಯಾಕ್ರೋ ಎಲ್ಲಿ ತಪ್ಪುತ್ತಿದೆ?

ಹೊಸ_ಹಾಳೆ

ಎಲ್ಲರಿಗೂ ನಮಸ್ಕಾರ. ದಿನಾ ಮಾಡುವ ಒಂದೇ ಕೆಲಸವನ್ನು ಮ್ಯಾಕ್ರೋಗೆ (ಎಕ್ಸೆಲ್‌ನಲ್ಲಿ ಹಂತಗಳನ್ನು ತಾನೇ ಮಾಡುವ ಸಣ್ಣ ಕೋಡ್) ಒಪ್ಪಿಸೋಣ ಅಂತ ಒಂದು ವಾರದಿಂದ ಕೂತಿದ್ದೇನೆ. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿದ್ದೇನೆ. ನಾನು ಪ್ರೋಗ್ರಾಮಿಂಗ್ ಓದಿದವನಲ್ಲ, ಆದರೆ ಕಲಿಯುವ ಆಸೆ ಇದೆ.

ಕೆಲಸ ಇಷ್ಟು. ಬೆಳಿಗ್ಗೆ ದೂರುಗಳ ಪಟ್ಟಿ ಬರುತ್ತದೆ. ಏಳು ಕಾಲಂ: ಕ್ರಮಸಂಖ್ಯೆ, ಬಂದ ದಿನಾಂಕ, ವಿಭಾಗ, ವಿವರ, ಸ್ಥಿತಿ, ಯಾರ ಬಳಿ ಇದೆ, ಮುಗಿದ ದಿನಾಂಕ. ಸ್ಥಿತಿ ಕಾಲಂನಲ್ಲಿ ಬಾಕಿ, ಜಾರಿ, ಮುಗಿದಿದೆ, ರದ್ದು ಅಂತ ಕನ್ನಡದಲ್ಲೇ ಇರುತ್ತದೆ. ನಾನು ಬಾಕಿ ಇರುವುದನ್ನು ಮಾತ್ರ ಫಿಲ್ಟರ್ ಮಾಡಿ, ಹಳೇ ದಿನಾಂಕ ಮೇಲೆ ಬರುವ ಹಾಗೆ ಸಾರ್ಟ್ ಮಾಡಿ, ವಿಭಾಗಕ್ಕೊಂದು ಶೀಟ್‌ಗೆ ಕಾಪಿ ಮಾಡಬೇಕು. ಕೈಯಲ್ಲಿ ಮಾಡಿದರೆ 40 ನಿಮಿಷ.

ರೆಕಾರ್ಡ್ ಮ್ಯಾಕ್ರೋ ಒತ್ತಿ ಒಂದು ಸಲ ಎಲ್ಲಾ ಮಾಡಿ ತೋರಿಸಿದೆ. ಅವತ್ತು ಸರಿಯಾಗಿ ಓಡಿತು. ಮರುದಿನದಿಂದ ಎರಡು ತೊಂದರೆ.

ಒಂದು, ಪಟ್ಟಿಯಲ್ಲಿ 430 ಸಾಲು ಇದ್ದರೂ 412ರ ತನಕ ಮಾತ್ರ ನೋಡುತ್ತದೆ. ಎರಡು, ಫಿಲ್ಟರ್ ಸಾಲನ್ನು ನಾನೇ ಎಡಿಟರ್‌ನಲ್ಲಿ ತಿದ್ದಿ ಬಾಕಿ ಅಂತ ಬರೆದ ಮೇಲೆ, ಬಾಕಿ ಜೊತೆ ಜಾರಿ ಇರುವ ಸಾಲುಗಳೂ ಬರುತ್ತಿವೆ. ಮುಗಿದಿದೆ ಬರುವುದಿಲ್ಲ, ರದ್ದು ಬರುವುದಿಲ್ಲ. ಜಾರಿ ಮಾತ್ರ. ಯಾಕೆ ಅಂತ ಗೊತ್ತಾಗುತ್ತಿಲ್ಲ. ಯಾರಾದರೂ ದಾರಿ ತೋರಿಸಿ.

ಕೊನೆಸಾಲು

ಮೊದಲನೆಯದು ಸುಲಭ. ರೆಕಾರ್ಡರ್ ನೀವು ಏನು ಮಾಡಿದಿರೋ ಅದನ್ನೇ ಬರೆದುಕೊಳ್ಳುತ್ತದೆ. ಅವತ್ತು ಪಟ್ಟಿ ಜಿ412ಕ್ಕೆ ಮುಗಿದಿತ್ತು, ಹಾಗಾಗಿ ಎ1ರಿಂದ ಜಿ412 ಅಂತ ಕೋಡ್‌ನಲ್ಲಿ ಕೂತಿದೆ. ಆಲ್ಟ್ ಎಫ್11 ಒತ್ತಿ ನೋಡಿ, ಆ ಸಂಖ್ಯೆ ಕಾಣುತ್ತದೆ.

ಕೊನೆಯ ಸಾಲನ್ನು ಮ್ಯಾಕ್ರೋನೇ ಹುಡುಕಬೇಕು. ಹಾಳೆಯ ತಳಕ್ಕೆ ಹೋಗಿ ಅಲ್ಲಿಂದ ಮೇಲಕ್ಕೆ ಬರುವುದು. ಸಾಲು ಹೀಗೆ, ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ:

ಕೊನೆ = ಸೆಲ್ಸ್(ರೋಸ್.ಕೌಂಟ್, 1).ಎಂಡ್(ಎಕ್ಸ್‌ಎಲ್‌ಅಪ್).ರೋ

ಆಮೇಲೆ ಜಿ412 ಇದ್ದ ಕಡೆ ಜಿ ಜೊತೆ ಕೊನೆ ಸೇರಿಸಿ. ನಾಳೆ 430 ಇರಲಿ, 4,300 ಇರಲಿ, ಕೆಲಸ ಆಗುತ್ತದೆ.

ಹಳೇಮ್ಯಾಕ್ರೋ

ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಆ ಸಾಲನ್ನು ಫಿಲ್ಟರ್ ಹಾಕುವ ಮೊದಲು ಓಡಿಸಬೇಕು. ಫಿಲ್ಟರ್ ಇದ್ದಾಗ ಎಂಡ್ ಅನ್ನೋದು ಮುಚ್ಚಿದ ಸಾಲುಗಳನ್ನು ದಾಟಿಕೊಂಡು ಬಂದು, ಕಣ್ಣಿಗೆ ಕಾಣುವ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ. ಹಿಂದಿನ ದಿನದ ಫಿಲ್ಟರ್ ಹಾಗೇ ಉಳಿದಿದ್ದರೆ ಕೊನೆ ಸಾಲೇ ತಪ್ಪು ಬರುತ್ತದೆ.

ಹಾಗಾಗಿ ಮ್ಯಾಕ್ರೋ ಶುರುವಿನಲ್ಲೇ ಹಳೇ ಫಿಲ್ಟರ್ ತೆಗೆಯಿರಿ. ಆದರೆ ಶೋಆಲ್‌ಡೇಟಾ ಅಂತ ನೇರವಾಗಿ ಬರೆಯಬೇಡಿ. ಫಿಲ್ಟರ್ ಇಲ್ಲದಿದ್ದಾಗ ಅದು 1004 ದೋಷ ಕೊಟ್ಟು ನಿಂತುಬಿಡುತ್ತದೆ. ಮೊದಲು ಫಿಲ್ಟರ್‌ಮೋಡ್ ನಿಜವೇ ಅಂತ ಕೇಳಿ, ನಿಜವಾದರೆ ಮಾತ್ರ ತೆಗೆಯಿರಿ.

ಎಫ್8_ಒತ್ತಿ

ಕೊನೆ ಅನ್ನುವ ವೇರಿಯಬಲ್ ಅನ್ನು ಲಾಂಗ್ (ದೊಡ್ಡ ಪೂರ್ಣಾಂಕ) ಅಂತ ಘೋಷಿಸಿ. ಇಂಟಿಜರ್ ಬೇಡ. ಇಂಟಿಜರ್ 32,767 ದಾಟಿದರೆ ಓವರ್‌ಫ್ಲೋ.

ರಾತ್ರಿಪಾಳಿ

ಜಾರಿ ಬರುವುದಕ್ಕೆ ಕಾರಣ ಸ್ಪೇಸ್ ಇರಬೇಕು. ಡೌನ್‌ಲೋಡ್ ಮಾಡಿದ ಫೈಲ್‌ನಲ್ಲಿ ಪದದ ಹಿಂದೆ ಮುಂದೆ ಖಾಲಿ ಜಾಗ ಇರುತ್ತದೆ. ಟ್ರಿಮ್ (ಹೆಚ್ಚಿನ ಖಾಲಿ ಜಾಗ ತೆಗೆಯುವ ಫಂಕ್ಷನ್) ಮಾಡಿ ನೋಡಿ.

ಹೊಸ_ಹಾಳೆ

@ಕೊನೆಸಾಲು, @ಹಳೇಮ್ಯಾಕ್ರೋ ಇಬ್ಬರಿಗೂ ತುಂಬಾ ಥ್ಯಾಂಕ್ಸ್. 430 ಸಾಲೂ ಬಂತು!

@ರಾತ್ರಿಪಾಳಿ, ಟ್ರಿಮ್ ಮಾಡಿದೆ ಸರ್. ಜಾರಿ ಇನ್ನೂ ಬರುತ್ತಿದೆ.

ಕೊನೆಸಾಲು

ಸ್ಪೇಸ್ ಇದ್ದಿದ್ದರೆ ಬಾಕಿ ಬರದೇ ಇರಬೇಕಿತ್ತು. ಬೇರೆ ಪದ ಬರುವುದಕ್ಕೆ ಅದು ಕಾರಣ ಆಗಲ್ಲ. ಫಿಲ್ಟರ್ ಸಾಲಿನಲ್ಲಿ ಕ್ರೈಟೀರಿಯಾ 2 (ಎರಡನೇ ಷರತ್ತು) ಅಂತ ಏನಾದರೂ ಉಳಿದಿದೆಯಾ? ಮಧ್ಯೆ ಎಕ್ಸ್‌ಎಲ್‌ಆರ್ (ಅಂದರೆ "ಅಥವಾ") ಇದ್ದರೆ ಎರಡೂ ಬರುತ್ತವೆ.

ಹೊಸ_ಹಾಳೆ

ಕ್ರೈಟೀರಿಯಾ 1 ಮಾತ್ರ ಇದೆ. ಒಂದು ವಿಷಯ ಆಗಲೇ ಹೇಳಬೇಕಿತ್ತು. ನಾನು ಬಾಕಿ ಅಂತ ಟೈಪ್ ಮಾಡಿದರೂ ಎಡಿಟರ್‌ನಲ್ಲಿ ಅದು ನಾಲ್ಕು ಪ್ರಶ್ನೆ ಚಿಹ್ನೆಯಾಗಿ ಕಾಣುತ್ತದೆ. ಫಾಂಟ್ ಸಮಸ್ಯೆ ಅಂದುಕೊಂಡು ಬಿಟ್ಟುಬಿಟ್ಟೆ.

ಅಕ್ಷರಕೋಶ

ಸಿಕ್ಕಿತು! ಅದು ಫಾಂಟ್ ಸಮಸ್ಯೆ ಅಲ್ಲ, ಅದೇ ನಿಮ್ಮ ಉತ್ತರ.

ವಿಬಿಎ (ಮ್ಯಾಕ್ರೋ ಬರೆಯುವ ಭಾಷೆ) ಎಡಿಟರ್‌ಗೆ ಯೂನಿಕೋಡ್, ಅಂದರೆ ಎಲ್ಲಾ ಭಾಷೆಯ ಅಕ್ಷರಕ್ಕೂ ಸಂಖ್ಯೆ ಕೊಡುವ ಪದ್ಧತಿ, ಗೊತ್ತಿಲ್ಲ. ಎಕ್ಸೆಲ್ ಹಾಳೆಗೆ ಗೊತ್ತು, ಎಡಿಟರ್‌ಗೆ ಗೊತ್ತಿಲ್ಲ. ಅದು ವಿಂಡೋಸ್‌ನ ಹಳೇ ಕೋಡ್ ಪೇಜ್ (ಕೆಲವೇ ಅಕ್ಷರಗಳ ಪಟ್ಟಿ) ಮೇಲೆ ನಡೆಯುತ್ತದೆ, ಅದರಲ್ಲಿ ಕನ್ನಡಕ್ಕೆ ಜಾಗ ಇಲ್ಲ. ಹಾಗಾಗಿ ಕನ್ನಡದ ಒಂದೊಂದು ಸಂಕೇತವೂ ಒಂದೊಂದು ಪ್ರಶ್ನೆ ಚಿಹ್ನೆ ಆಗುತ್ತದೆ. ಬರೀ ಕಾಣುವುದು ಹಾಗಲ್ಲ, ಒಳಗೂ ಹಾಗೇ ಉಳಿಯುತ್ತದೆ. ನೀವು ಬರೆದ ಬಾಕಿ ಈಗ ಅಲ್ಲಿ ಇಲ್ಲವೇ ಇಲ್ಲ. ಬರೀ ???? ಇದೆ.

ಇನ್ನು ಫಿಲ್ಟರ್ ಭಾಷೆಯಲ್ಲಿ ? ಅಂದರೆ ಏನು? ಯಾವುದಾದರೂ ಒಂದು ಅಕ್ಷರ ಅಂತ. ನೀವು ಎಕ್ಸೆಲ್‌ಗೆ ಕೇಳುತ್ತಿರುವುದು "ನಾಲ್ಕು ಅಕ್ಷರದ ಯಾವ ಪದ ಇದ್ದರೂ ಕೊಡು" ಅಂತ.

ಈಗ ಎಣಿಸಿ ನೋಡಿ. ಬಾಕಿ ಅಂದರೆ ಬ, ಇಳಿ, ಕ, ಗುಡಿಸು. ನಾಲ್ಕು. ಜಾರಿ ಅಂದರೆ ಜ, ಇಳಿ, ರ, ಗುಡಿಸು. ಅದೂ ನಾಲ್ಕು. ರದ್ದು ಐದು: ರ, ದ, ಅರ್ಧ ಮಾಡುವ ಚಿಹ್ನೆ, ಮತ್ತೆ ದ, ಕೊಂಬು. ಮುಗಿದಿದೆ ಎಂಟು. ಅದಕ್ಕೇ ಜಾರಿ ಮಾತ್ರ ನುಸುಳಿ ಬರುತ್ತಿದೆ.

ಎಲ್‌ಇಎನ್ (ಸಂಕೇತ ಎಣಿಸುವ) ಫಾರ್ಮುಲಾ ಹಾಕಿ ನೀವೇ ಪರೀಕ್ಷೆ ಮಾಡಬಹುದು.

ಕೊನೆಸಾಲು

ಎಂಥಾ ಉತ್ತರ ಸರ್. ಹತ್ತು ವರ್ಷದಿಂದ ಮ್ಯಾಕ್ರೋ ಬರೆಯುತ್ತಿದ್ದೇನೆ, ಇದು ಹೊಳೆದಿರಲಿಲ್ಲ.

ಹೊಸ_ಹಾಳೆ

ಎಣಿಸಿದೆ. ಎಲ್‌ಇಎನ್ ಎರಡಕ್ಕೂ 4 ಕೊಡುತ್ತಿದೆ. ಇಷ್ಟು ದಿನ ನನ್ನ ಡೇಟಾನೇ ಸರಿ ಇಲ್ಲ ಅಂದುಕೊಂಡಿದ್ದೆ.

ಹಾಗಾದರೆ ಕನ್ನಡ ಪದವನ್ನು ಕೋಡ್ ಒಳಗೆ ಕೊಡುವುದು ಹೇಗೆ?

ಅಕ್ಷರಕೋಶ

ಎರಡು ದಾರಿ ಇದೆ.

ಮೊದಲನೆಯದು, ಸಿಎಚ್‌ಆರ್‌ಡಬ್ಲ್ಯು ಫಂಕ್ಷನ್. ಸಂಕೇತದ ಸಂಖ್ಯೆ ಕೊಟ್ಟರೆ ಅಕ್ಷರ ಕೊಡುತ್ತದೆ. ಬಾಕಿ ಬೇಕಾದರೆ 3244, 3262, 3221, 3263 ಈ ನಾಲ್ಕನ್ನು ಒಂದೊಂದಾಗಿ ಕೊಟ್ಟು ಸೇರಿಸಬೇಕು. ಕೆಲಸ ಆಗುತ್ತದೆ, ಆದರೆ ಆರು ತಿಂಗಳ ಮೇಲೆ ಓದಿದರೆ ಅದು ಯಾವ ಪದ ಅಂತ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು ನನಗೆ ಇಷ್ಟ. ನಿಯಮ ಅಂತ ಒಂದು ಶೀಟ್ ಮಾಡಿ. ಬಿ2 ಸೆಲ್‌ನಲ್ಲಿ ಬಾಕಿ ಅಂತ ಕನ್ನಡದಲ್ಲೇ ಬರೆಯಿರಿ. ಕೋಡ್‌ನಲ್ಲಿ "ಆ ಸೆಲ್‌ನಲ್ಲಿ ಏನಿದೆಯೋ ಅದರಿಂದ ಫಿಲ್ಟರ್ ಮಾಡು" ಅಂತ ಹೇಳಿ. ಪದ ಹಾಳೆಯಿಂದ ನೇರ ಹೋಗುತ್ತದೆ, ಎಡಿಟರ್ ಅದನ್ನು ಮುಟ್ಟುವುದೇ ಇಲ್ಲ. ನಾಳೆ ಬಾಕಿ ಬದಲು ರದ್ದು ಪಟ್ಟಿ ಬೇಕಾದರೆ ಸೆಲ್ ಬದಲಿಸಿದರೆ ಸಾಕು.

ಆದರೆ ಆ ಶೀಟ್ ಹೆಸರೂ ಕನ್ನಡ, ಅದನ್ನೂ ಕೋಡ್‌ನಲ್ಲಿ ಬರೆಯಲು ಆಗಲ್ಲ ಅಲ್ವಾ? ಅದಕ್ಕೆ ಶೀಟ್‌ನ ಕೋಡ್‌ನೇಮ್ ಬಳಸಿ. ಎಡಿಟರ್‌ನ ಎಡಗಡೆ ಪಟ್ಟಿಯಲ್ಲಿ ಆವರಣದ ಹೊರಗೆ ಶೀಟ್1, ಶೀಟ್2 ಅಂತ ಕಾಣುತ್ತಲ್ಲ, ಅದು. ಹಾಳೆಯ ಹೆಸರು ಏನೇ ಆದರೂ ಅದು ಬದಲಾಗುವುದಿಲ್ಲ.

ಕ್ವೆರಿಪ್ರಿಯೆ

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟಕ್ಕೆಲ್ಲ ಮ್ಯಾಕ್ರೋ ಯಾಕೆ? ಎಕ್ಸೆಲ್ 2016ರಿಂದ ಪವರ್ ಕ್ವೆರಿ (ಡೇಟಾ ತಂದು ಶುದ್ಧ ಮಾಡುವ ಸಾಧನ) ಒಳಗೇ ಇದೆ. ಫೈಲ್ ತೋರಿಸಿ, ಸ್ಥಿತಿ ಕಾಲಂನಲ್ಲಿ ಬಾಕಿ ಆರಿಸಿ, ದಿನಾಂಕ ಸಾರ್ಟ್ ಮಾಡಿ, ಮುಗಿಯಿತು. ನಾಳೆ ಹೊಸ ಫೈಲ್ ಬಂದರೆ ರಿಫ್ರೆಶ್. ಕನ್ನಡ ಬರೆದರೂ ತೊಂದರೆ ಇಲ್ಲ. ಮೂಲ ಡೇಟಾಗೆ ಏನೂ ಆಗುವುದಿಲ್ಲ. ಸುಮ್ನೆ ಹಳೇ ದಾರಿಯಲ್ಲಿ ಕಷ್ಟ ಪಡುತ್ತಿದ್ದೀರಿ.

ಹಳೇಮ್ಯಾಕ್ರೋ

ಮೇಡಂ, ಅವರು ಕೇಳಿದ್ದು ವಿಭಾಗಕ್ಕೊಂದು ಶೀಟ್. ಪವರ್ ಕ್ವೆರಿಯಲ್ಲಿ ವಿಭಾಗಕ್ಕೊಂದು ಕ್ವೆರಿ ಮಾಡಿಟ್ಟುಕೊಳ್ಳಬೇಕು. ಹೊಸ ವಿಭಾಗ ಬಂದರೆ? ತಾನಾಗಿ ಹೊಸ ಶೀಟ್ ಹುಟ್ಟುವುದಿಲ್ಲ. ಮ್ಯಾಕ್ರೋಗೆ ಅದು ಒಂದು ಲೂಪ್ (ಅದೇ ಹಂತವನ್ನು ಮತ್ತೆ ಮತ್ತೆ ಮಾಡಿಸುವುದು).

ಕ್ವೆರಿಪ್ರಿಯೆ

ವರ್ಷಕ್ಕೆ ಎಷ್ಟು ಸಲ ಹೊಸ ವಿಭಾಗ ಬರುತ್ತದೆ ಹೇಳಿ? ಅದೊಂದಕ್ಕೋಸ್ಕರ ಪೂರ್ತಿ ಕೋಡ್ ಹೊತ್ತುಕೊಂಡು ಓಡಾಡಬೇಕಾ? ಮ್ಯಾಕ್ರೋ ಬರೆದವರು ಕೆಲಸ ಬಿಟ್ಟು ಹೋದ ಮೇಲೆ ಅದನ್ನು ಮುಟ್ಟಲು ಹೆದರುವ ಜಾಗಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಕ್ವೆರಿಯಲ್ಲಿ ಹಂತ ಹಂತವಾಗಿ ಏನಾಯಿತು ಅಂತ ಬಲಗಡೆ ಪಟ್ಟಿ ಕಾಣುತ್ತದೆ. ಯಾರು ಬಂದರೂ ಓದಬಹುದು.

ಎಫ್8_ಒತ್ತಿ

ಇಬ್ಬರ ಮಾತೂ ಸರಿ. ಡೇಟಾ ಶುದ್ಧ ಮಾಡುವುದಕ್ಕೆ ಕ್ವೆರಿ, ಹಂಚುವುದಕ್ಕೆ ಮ್ಯಾಕ್ರೋ. ನಾನು ಎರಡನ್ನೂ ಒಂದೇ ಫೈಲ್‌ನಲ್ಲಿ ಬಳಸುತ್ತೇನೆ. ಮ್ಯಾಕ್ರೋದ ಮೊದಲ ಸಾಲೇ ಕ್ವೆರಿಯನ್ನು ರಿಫ್ರೆಶ್ ಮಾಡುತ್ತದೆ.

ರಾತ್ರಿಪಾಳಿ

ಮೈಕ್ರೋಸಾಫ್ಟ್ 365 ಅಥವಾ ಎಕ್ಸೆಲ್ 2021 ಇದ್ದರೆ ಫಿಲ್ಟರ್, ಸಾರ್ಟ್ ಅಂತ ಫಂಕ್ಷನ್‌ಗಳೇ ಇವೆ. ಒಂದು ಸೆಲ್‌ನಲ್ಲಿ ಬರೆದರೆ ಕೆಳಗೆ ತಾನೇ ಹರಡಿಕೊಳ್ಳುತ್ತದೆ. ಒಂದು ಒಳಗೆ ಇನ್ನೊಂದು ಹಾಕಿದರೆ ಬಾಕಿ ಸಾಲು ದಿನಾಂಕದ ಕ್ರಮದಲ್ಲಿ ಬಂದುಬಿಡುತ್ತದೆ. ಕೋಡೂ ಬೇಡ, ಕ್ವೆರಿಯೂ ಬೇಡ. ಬಣ್ಣ, ಗೆರೆ ಮಾತ್ರ ಬರಲ್ಲ. ಕೆಳಗಿನ ಸೆಲ್‌ಗಳು ಖಾಲಿ ಇರಬೇಕು, ಇಲ್ಲದಿದ್ದರೆ ಸ್ಪಿಲ್ ದೋಷ.

ಹೊಸ_ಹಾಳೆ

ನಮ್ಮಲ್ಲಿ ಇರುವುದು 2016. ಫಂಕ್ಷನ್ ಇಲ್ಲ. ಕ್ವೆರಿಯನ್ನು ಮುಂದೆ ಖಂಡಿತ ಕಲಿಯುತ್ತೇನೆ ಮೇಡಂ. ಸದ್ಯ ಕೈ ಹಾಕಿದ್ದನ್ನು ಮುಗಿಸುವ ಆಸೆ.

ಬಾಕಿ ಸರಿಯಾಗಿ ಬಂತು! ನಿಯಮ ಶೀಟ್ ದಾರಿಯಲ್ಲೇ ಹೋದೆ. ಈಗ ಸಾರ್ಟ್. ದಿನಾಂಕ ಸಾರ್ಟ್ ಮಾಡಿದರೆ ಕೆಲವು ಸಾಲು ತಳದಲ್ಲಿ ಬೇರೆ ಗುಂಪಾಗಿ ಕೂರುತ್ತವೆ. ಮೇಲಿನವು ಸರಿಯಾಗಿವೆ ಅನ್ನಿಸುತ್ತದೆ.

ತಾಳೆ_ಪಟ್ಟಿ

ಮೇಲಿನವು ಸರಿ ಇವೆ ಅಂತ ನಂಬಬೇಡಿ! ತಳದಲ್ಲಿ ಕೂತ ಸಾಲುಗಳ ದಿನಾಂಕ ನೋಡಿ. 13ರಿಂದ 31ರ ಒಳಗಿನವೇ ಅಲ್ವಾ? ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡಿವೆಯಾ?

ಹೊಸ_ಹಾಳೆ

ಹೌದು! ಎಲ್ಲವೂ 13ರ ಮೇಲಿನವು. ಎಡಕ್ಕೇ ಇವೆ. ಹೇಗೆ ಗೊತ್ತಾಯಿತು?

ತಾಳೆ_ಪಟ್ಟಿ

ಇದರಿಂದ ನಾನು ಪೆಟ್ಟು ತಿಂದಿದ್ದೇನೆ. ನಿಮ್ಮ ಫೈಲ್‌ನಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಆದರೆ ಅದನ್ನು ತೆರೆಯುವಾಗ ಎಕ್ಸೆಲ್ ತಿಂಗಳು ಮೊದಲು ಅಂತ ಓದಿದೆ. 25/04 ಬಂದರೆ 25ನೇ ತಿಂಗಳು ಇಲ್ಲ, ಹಾಗಾಗಿ ಅದನ್ನು ಬರೀ ಪಠ್ಯ ಅಂತ ಬಿಟ್ಟಿದೆ. ಏರಿಕೆ ಕ್ರಮದಲ್ಲಿ ಪಠ್ಯ ಯಾವಾಗಲೂ ಸಂಖ್ಯೆಗಳ ಕೆಳಗೆ. ಅದಕ್ಕೇ ತಳದಲ್ಲಿ ಗುಂಪು.

ಕಣ್ಣಿಗೆ ಕಾಣದ ಅಪಾಯ ಇನ್ನೊಂದು ಕಡೆ ಇದೆ. 05/04 ಅಂದರೆ ಏಪ್ರಿಲ್ 5. ಎಕ್ಸೆಲ್ ಅದನ್ನು ಮೇ 4 ಅಂತ ಒಪ್ಪಿಕೊಂಡುಬಿಟ್ಟಿದೆ. ದೋಷ ಇಲ್ಲ, ಬಣ್ಣ ಇಲ್ಲ, ಏನೂ ಇಲ್ಲ. ಬಲಕ್ಕೆ ಸರಿಯಾಗಿ ಕೂತಿದೆ. ನೀವು "ಸರಿಯಾಗಿವೆ" ಅಂದಿದ್ದು ಇವನ್ನೇ.

ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಟ್ಯಾಬ್‌ನಿಂದ ಒಳಗೆ ತನ್ನಿ, ಆಗ ಆ ಕಾಲಂ ದಿನ-ತಿಂಗಳು-ವರ್ಷ ಅಂತ ಹೇಳಲು ಅವಕಾಶ ಇರುತ್ತದೆ. ಆಮೇಲೆ ಆ ಕಾಲಂನ ನಂಬರ್ ಫಾರ್ಮ್ಯಾಟನ್ನು ಜನರಲ್ ಮಾಡಿ ನೋಡಿ. 2024ರ ಜನವರಿ 1 ಆದರೆ 45292 ಕಾಣಬೇಕು. ಸಂಖ್ಯೆ ಕಂಡರೆ ಅದು ದಿನಾಂಕ, ಮತ್ತೆ ಅದೇ 25/04 ಕಂಡರೆ ಪಠ್ಯ.

ಹಳೇಮ್ಯಾಕ್ರೋ

ಇದಕ್ಕೆ ಸೇರಿಸುತ್ತೇನೆ. ಮುಂದೆ "30 ದಿನಕ್ಕಿಂತ ಹಳೆಯದು" ಅಂತ ಫಿಲ್ಟರ್ ಮಾಡುವ ಆಸೆ ಆಗುತ್ತದೆ, ಎಲ್ಲರಿಗೂ ಆಗುತ್ತದೆ. ಆಗ ಕೋಡ್‌ನಲ್ಲಿ ದಿನಾಂಕವನ್ನು ಪಠ್ಯವಾಗಿ ಕೊಡಬೇಡಿ. ವಿಬಿಎ ಫಿಲ್ಟರ್‌ನಲ್ಲಿ ಅದು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ಅಂತ ಓದುತ್ತದೆ. ಸಿಎಲ್‌ಎನ್‌ಜಿ ಹಾಕಿ ಸಂಖ್ಯೆ ಮಾಡಿ, ಅದರ ಮುಂದೆ ಕಡಿಮೆ ಚಿಹ್ನೆ (<) ಸೇರಿಸಿ ಕೊಡಿ. ಸಂಖ್ಯೆಗೆ ದೇಶ ಇಲ್ಲ.

ಕೊನೆಸಾಲು

ದಿನಾಂಕದ ಸಂಖ್ಯೆ ಅಂದಾಗ ನೆನಪಾಯಿತು. ಎಕ್ಸೆಲ್‌ನಲ್ಲಿ 1900ರ ಫೆಬ್ರವರಿ 29 ಅನ್ನೋ ದಿನ ಇದೆ, ನಿಜದಲ್ಲಿ ಆ ವರ್ಷ ಅಧಿಕ ವರ್ಷವೇ ಅಲ್ಲ. ಲೋಟಸ್ 1-2-3 ಅನ್ನೋ ಹಳೇ ಸ್ಪ್ರೆಡ್‌ಶೀಟ್ ಜೊತೆ ಹೊಂದಿಕೊಳ್ಳಲಿ ಅಂತ ಆ ತಪ್ಪನ್ನು ಬೇಕೆಂದೇ ಉಳಿಸಿಕೊಂಡರು. ಇವತ್ತಿಗೂ 60 ಅಂತ ಬರೆದು ದಿನಾಂಕ ಮಾಡಿದರೆ ಆ ಇಲ್ಲದ ದಿನ ಕಾಣುತ್ತದೆ.

ರಾತ್ರಿಪಾಳಿ

ಹಳೇ ಕಾಲ ಅಂದರೆ ಎಕ್ಸೆಲ್ 2003ರಲ್ಲಿ 65,536 ಸಾಲು ಮಾತ್ರ. ಸಾರ್ಟ್ ಮೂರು ಹಂತ ಅಷ್ಟೇ. 2007ರಲ್ಲಿ 10,48,576 ಸಾಲು, 64 ಹಂತ ಆಯಿತು.

ಲೆಕ್ಕದ_ಮೇಜು

ಸಾರ್ಟ್ ವಿಷಯ ಬಂತು ಅಂತ ನನಗಾದ ಒಂದು ಅನುಭವ ಹೇಳಿಬಿಡುತ್ತೇನೆ. ಹೊಸಬರು ದಯವಿಟ್ಟು ಓದಿ.

ನನ್ನ ಹತ್ತಿರ ಒಂದು ಸದಸ್ಯರ ಪಟ್ಟಿ ಇತ್ತು, ಸುಮಾರು 1,800 ಸಾಲು. ಎ ಯಿಂದ ಎಫ್ ತನಕ ವಿವರ. ಜಿ ಕಾಲಂ ಖಾಲಿ, ಅಂದಕ್ಕೆ ಬಿಟ್ಟಿದ್ದು. ಎಚ್‌ನಲ್ಲಿ ಷರಾ. ಮ್ಯಾಕ್ರೋದಲ್ಲಿ ಕರೆಂಟ್‌ರೀಜನ್ ಬಳಸಿದ್ದೆ. ಅದು ಖಾಲಿ ಕಾಲಂ ಕಂಡ ಕೂಡಲೇ ಪಟ್ಟಿ ಇಲ್ಲಿಗೆ ಮುಗಿಯಿತು ಅಂತ ತಿಳಿಯುತ್ತದೆ. ಬಟನ್ ಒತ್ತಿದೆ. ಆರು ಕಾಲಂ ಹೆಸರಿನ ಕ್ರಮಕ್ಕೆ ಬಂದವು. ಷರಾ ಇದ್ದ ಜಾಗದಲ್ಲೇ ಉಳಿಯಿತು. ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಷರಾ.

ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪಟ್ಟಿ ಚೆನ್ನಾಗಿ ಅಕಾರಾದಿ ಕ್ರಮದಲ್ಲಿತ್ತು. ಸೇವ್ ಮಾಡಿದೆ. ಮೂರು ದಿನ ಬಿಟ್ಟು ಒಬ್ಬರು ಫೋನ್ ಮಾಡಿ "ನನಗೆ ಹಣ ವಾಪಸ್ ಬರಬೇಕಾಗಿಲ್ಲ, ನಿಮ್ಮ ಪತ್ರ ಯಾಕೆ ಬಂತು" ಅಂದರು. ಆಗ ಹಾಳೆ ತೆರೆದು ನೋಡಿದರೆ ಕೈಕಾಲು ತಣ್ಣಗಾಯಿತು. ನಡುವೆ ಮೂರು ದಿನದ ಹೊಸ ನಮೂದುಗಳು ಬೇರೆ. ಹಳೇ ಮೇಲ್‌ನಲ್ಲಿ ಒಂದು ಪ್ರತಿ ಸಿಕ್ಕಿದ್ದರಿಂದ ಎರಡು ರಾತ್ರಿ ಕೂತು ಸರಿ ಮಾಡಿದೆ.

ಅವತ್ತಿನಿಂದ ಮೂರು ಕೆಲಸ ಬಿಡದೆ ಮಾಡುತ್ತೇನೆ. ಪಟ್ಟಿ ಮಧ್ಯೆ ಖಾಲಿ ಕಾಲಂ ಇಡುವುದಿಲ್ಲ. ಸಾರ್ಟ್ ಮಾಡುವ ಮೊದಲು ಒಂದು ಕಾಲಂನಲ್ಲಿ 1, 2, 3 ಅಂತ ಮೂಲ ಕ್ರಮ ಬರೆಸುತ್ತೇನೆ, ಬೇಕಾದರೆ ಅದರಿಂದ ವಾಪಸ್ ಬರಬಹುದು. ಮೂಲ ಹಾಳೆಯ ಮೇಲೆ ಸಾರ್ಟ್ ಓಡಿಸುವುದೇ ಇಲ್ಲ, ಪ್ರತಿ ಮಾಡಿ ಅದರ ಮೇಲೆ.

ಎಫ್8_ಒತ್ತಿ

ಮ್ಯಾಕ್ರೋ ಹಾಳೆಯನ್ನು ಬದಲಿಸಿದರೆ ಅಂಡೂ ಪಟ್ಟಿ ಅಳಿಸಿಹೋಗುತ್ತದೆ, ಇದನ್ನು ಎಲ್ಲರೂ ನೆನಪಿಡಬೇಕು. ಕಂಟ್ರೋಲ್ ಝಡ್ ಕೈಗೆ ಸಿಗಲ್ಲ. ನಿಮ್ಮ ಮೂರನೇ ನಿಯಮ ಅದಕ್ಕೇ ಎಲ್ಲಕ್ಕಿಂತ ಮುಖ್ಯ.

ಕೊನೆಸಾಲು

ಟೇಬಲ್ ಮಾಡಿಬಿಡಿ. ಕಂಟ್ರೋಲ್ ಟಿ ಒತ್ತಿದರೆ ಪಟ್ಟಿಗೆ ಗಡಿ ಬರುತ್ತದೆ. ಕೆಳಗೆ ಸಾಲು ಸೇರಿಸಿದರೆ ತಾನೇ ಬೆಳೆಯುತ್ತದೆ. ಕೋಡ್‌ನಲ್ಲಿ ಲಿಸ್ಟ್‌ಆಬ್ಜೆಕ್ಟ್ ಅಂತ ಕರೆಯಬೇಕು. ಕೊನೆ ಸಾಲು ಹುಡುಕುವ ಗೋಜೂ ಇಲ್ಲ, ಎಚ್ ಕಾಲಂ ಬಿಟ್ಟುಹೋಗುವ ಭಯವೂ ಇಲ್ಲ.

ಹಳೇಮ್ಯಾಕ್ರೋ

ಸಾರ್ಟ್ ಕೋಡ್‌ನಲ್ಲಿ ಇನ್ನೂ ಎರಡು ಕಡೆ ಹುಷಾರಾಗಿರಿ.

ಹೆಡರ್ ಇದೆ ಅಂತ ಬಾಯಿಬಿಟ್ಟು ಹೇಳಿ, ಎಕ್ಸ್‌ಎಲ್‌ಯೆಸ್ ಬರೆಯಿರಿ. ಬರೆಯದಿದ್ದರೆ ಆ ಶೀಟ್‌ನಲ್ಲಿ ಹಿಂದಿನ ಸಲ ಏನು ಹೇಳಿದ್ದಿರೋ ಅದನ್ನೇ ಎಕ್ಸೆಲ್ ನೆನಪಿಟ್ಟುಕೊಂಡು ಬಳಸುತ್ತದೆ. ಏರಿಕೆ, ಇಳಿಕೆಯೂ ಹಾಗೇ. ಅದಕ್ಕೇ "ನಿನ್ನೆ ಸರಿ ಇತ್ತು, ಇವತ್ತು ಶೀರ್ಷಿಕೆ ಸಾಲು ಮಧ್ಯೆ ಹೋಗಿ ಕೂತಿದೆ" ಅನ್ನುವ ದೂರು ಬರುವುದು.

ಸಾರ್ಟ್‌ಫೀಲ್ಡ್ಸ್ (ಸಾರ್ಟ್ ನಿಯಮಗಳ ಪಟ್ಟಿ) ಬಳಸುವವರು ಆಡ್ ಮಾಡುವ ಮೊದಲು ಕ್ಲಿಯರ್ ಮಾಡಿ. ಇಲ್ಲದಿದ್ದರೆ ಹಳೇ ನಿಯಮ ಮೊದಲು, ನಿಮ್ಮ ಹೊಸ ನಿಯಮ ಅದರ ಹಿಂದೆ ಸಾಲಾಗಿ ನಿಲ್ಲುತ್ತವೆ. ಸಾರ್ಟ್ ಆಗಿಲ್ಲ ಅನ್ನಿಸುತ್ತದೆ, ಆದರೆ ಆಗಿರುತ್ತದೆ, ಬೇರೆ ಕಾಲಂ ಮೇಲೆ.

ಫಿಲ್ಟರ್ ಇರುವಾಗ ಸಾರ್ಟ್ ಮಾಡಿದರೆ ಮುಚ್ಚಿದ ಸಾಲುಗಳು ಜಾಗ ಬಿಟ್ಟು ಕದಲುವುದಿಲ್ಲ ಅನ್ನುವುದೂ ಗೊತ್ತಿರಲಿ. ಮೊದಲು ಸಾರ್ಟ್, ಆಮೇಲೆ ಫಿಲ್ಟರ್. ನನ್ನ ಅಭ್ಯಾಸ ಅದು.

ಪ್ರಶ್ನೆ_ಒಂದು

ಮಧ್ಯೆ ಬರುತ್ತಿದ್ದೇನೆ. ನನ್ನ ಸಹೋದ್ಯೋಗಿ ಕಳಿಸಿದ ಮ್ಯಾಕ್ರೋ ಫೈಲ್ ತೆರೆದರೆ ಮೇಲೆ ಕೆಂಪು ಪಟ್ಟಿ ಬರುತ್ತದೆ. ಎನೇಬಲ್ ಬಟನ್ ಇಲ್ಲ. ಏನು ಮಾಡಲಿ?

ಎಫ್8_ಒತ್ತಿ

ಇಂಟರ್ನೆಟ್‌ನಿಂದ, ಮೇಲ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋವನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿ ತಡೆಯುತ್ತದೆ. ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೆಳಗೆ ಅನ್‌ಬ್ಲಾಕ್. ಆದರೆ ಮೊದಲು ಅವರಿಗೆ ಫೋನ್ ಮಾಡಿ "ನೀವೇ ಕಳಿಸಿದ್ದಾ" ಅಂತ ಕೇಳಿ. ಮ್ಯಾಕ್ರೋ ನಿಮ್ಮ ಕಂಪ್ಯೂಟರ್‌ನಲ್ಲಿ ಫೈಲ್ ಅಳಿಸಬಲ್ಲದು, ಹೊರಗೂ ಕಳಿಸಬಲ್ಲದು.

ಪ್ರಶ್ನೆ_ಒಂದು

ಕೇಳಿದೆ, ಅವರೇ ಕಳಿಸಿದ್ದು. ಆಯಿತು, ಥ್ಯಾಂಕ್ಸ್.

ಲಿಬ್ರೆ_ಬಳಕೆ

ಎಲ್ಲರೂ ಎಕ್ಸೆಲ್ ಬಗ್ಗೆಯೇ ಹೇಳುತ್ತಿದ್ದೀರಿ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ಮ್ಯಾಕ್ರೋ ಇದೆ, ಪೈಥಾನ್‌ನಲ್ಲೂ ಬರೆಯಬಹುದು. ಗೂಗಲ್ ಶೀಟ್ಸ್‌ನಲ್ಲಿ ಆಪ್ಸ್ ಸ್ಕ್ರಿಪ್ಟ್, ಅದು ಜಾವಾಸ್ಕ್ರಿಪ್ಟ್. ಅಲ್ಲಿ ಕೋಡ್ ಒಳಗೇ ಕನ್ನಡ ಬರೆಯಬಹುದು, ಪ್ರಶ್ನೆ ಚಿಹ್ನೆ ಆಗುವುದಿಲ್ಲ. ನಮ್ಮ ಭಾಷೆಯಲ್ಲಿ ಡೇಟಾ ಇಟ್ಟುಕೊಳ್ಳುವವರಿಗೆ ಇದು ಸಣ್ಣ ವಿಷಯ ಅಲ್ಲ.

ಅಕ್ಷರಕೋಶ

ಖಂಡಿತ ಸಣ್ಣ ವಿಷಯ ಅಲ್ಲ. ಕನ್ನಡ ಡೇಟಾ ಫಿಲ್ಟರ್ ಮಾಡುವವರಿಗೆ ಇನ್ನೂ ಕೆಲವು ಗುಂಡಿಗಳಿವೆ, ಹೇಳಿಬಿಡುತ್ತೇನೆ.

ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಯೂನಿಕೋಡ್ ಅಲ್ಲದೆ ಟೈಪ್ ಮಾಡಿದ ಪಟ್ಟಿಗಳು ಇನ್ನೂ ಓಡಾಡುತ್ತಿವೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಫಾಂಟ್ ಬದಲಿಸಿದರೆ ಗೊತ್ತಾಗುತ್ತದೆ. ಅದನ್ನು ಸಾರ್ಟ್ ಮಾಡಿದರೆ ಅಕಾರಾದಿ ಕ್ರಮ ಬರುವುದೇ ಇಲ್ಲ. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಉಳಿದ ಮಾತು.

ಎರಡನೆಯದು, ಕಾಣದ ಜೋಡಣೆ ಸಂಕೇತಗಳು, 8204 ಮತ್ತು 8205. ರ‍್ಯಾಂಕ್ ಅಂತ ಬರೆಯುವಾಗ ರ ಆದಮೇಲೆ 8205 ಇರುತ್ತದೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಬೇರೆ ಕಡೆ ಹಾಕಿರುತ್ತಾರೆ. ಓದುವವರಿಗೆ ಒಂದೇ ಪದ, ಎಲ್‌ಇಎನ್ ಬೇರೆ ಬೇರೆ. ಹಾಗೇ ವೆಬ್‌ನಿಂದ ಬಂದ ಡೇಟಾದಲ್ಲಿ 160 ಅನ್ನೋ ಸ್ಪೇಸ್ ಇರುತ್ತದೆ. ಟ್ರಿಮ್ ಅದನ್ನು ಮುಟ್ಟುವುದಿಲ್ಲ. ರಿಪ್ಲೇಸ್ ಹಾಕಿ ತೆಗೆಯಬೇಕು.

@ಹೊಸ_ಹಾಳೆ, ನಿಮಗೆ ಮುಂದೆ ಬರಲಿರುವುದು ಶೀಟ್ ಹೆಸರಿನ ತೊಂದರೆ. ಶೀಟ್ ಹೆಸರಿಗೆ 31ರ ಮಿತಿ ಇದೆ, ಅದೂ ಸಂಕೇತಗಳ ಲೆಕ್ಕದಲ್ಲಿ. ನಿಮ್ಮ ವಿಭಾಗದ ಹೆಸರುಗಳು ಉದ್ದವೇ?

ಹೊಸ_ಹಾಳೆ

ಸರ್, ಈಗ ತಾನೇ ಅಲ್ಲೇ ನಿಂತಿದೆ! ಒಂದು ವಿಭಾಗದ ಹೆಸರು "ಸಾರ್ವಜನಿಕ ಸಂಪರ್ಕ ಮತ್ತು ಕುಂದುಕೊರತೆ". ಅಲ್ಲಿ 1004. ಅಕ್ಷರ ಎಣಿಸಿದೆ, ಹದಿನೈದೇ ಇದೆ.

ಅಕ್ಷರಕೋಶ

ಕಣ್ಣಿಗೆ ಹದಿನೈದು, ಎಕ್ಸೆಲ್ ಲೆಕ್ಕದಲ್ಲಿ ಸ್ಪೇಸ್ ಸೇರಿ 33. ಎರಡು ಜಾಸ್ತಿ ಆಯಿತು.

ಎಲ್‌ಇಎಫ್‌ಟಿ ಹಾಕಿ 31ಕ್ಕೆ ಕತ್ತರಿಸಬೇಡಿ. ಕತ್ತರಿ ಎಲ್ಲಿ ಬೀಳುತ್ತದೋ ಗೊತ್ತಿಲ್ಲ, ಒತ್ತಕ್ಷರ ಅರ್ಧ ಆಗಬಹುದು. ನಿಯಮ ಶೀಟ್‌ನಲ್ಲೇ ಇನ್ನೆರಡು ಕಾಲಂ ಮಾಡಿ: ವಿಭಾಗದ ಪೂರ್ತಿ ಹೆಸರು, ಅದರ ಪಕ್ಕ ಚಿಕ್ಕ ಹೆಸರು. ಫಿಲ್ಟರ್‌ಗೆ ಪೂರ್ತಿ ಹೆಸರು, ಶೀಟ್‌ಗೆ ಚಿಕ್ಕದು. ಹೆಸರಿನಲ್ಲಿ ಓರೆಗೆರೆ, ಕೋಲನ್, ಪ್ರಶ್ನೆ ಚಿಹ್ನೆ, ನಕ್ಷತ್ರ, ಚೌಕ ಆವರಣ ಇರಬಾರದು.

ಕ್ವೆರಿಪ್ರಿಯೆ

ಶೀಟ್ ಹಂಚುವುದಕ್ಕೆ ಸಾಲುಗಳನ್ನು ಗುಂಪು ಮಾಡಿ ಲೆಕ್ಕ ತೋರಿಸುವ ಪಿವಟ್ ಟೇಬಲ್‌ನಲ್ಲಿ ಒಂದು ಸೌಲಭ್ಯ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ವಿಭಾಗವನ್ನು ಫಿಲ್ಟರ್ ಜಾಗಕ್ಕೆ ಎಳೆದು, ಆಪ್ಷನ್ಸ್ ಒಳಗೆ ಶೋ ರಿಪೋರ್ಟ್ ಫಿಲ್ಟರ್ ಪೇಜಸ್ ಒತ್ತಿ. ವಿಭಾಗಕ್ಕೊಂದು ಶೀಟ್ ತಾನೇ ಹುಟ್ಟುತ್ತದೆ.

ಹಳೇಮ್ಯಾಕ್ರೋ

ಇದನ್ನು ಒಪ್ಪಿದೆ ಮೇಡಂ. ಒಳ್ಳೆಯ ಸೌಲಭ್ಯ. ಎಣಿಕೆ, ಮೊತ್ತಕ್ಕೆ ಅದೇ ಸಾಕು. ಇವರಿಗೆ ವಿವರದ ಸಾಲುಗಳೇ ಬೇಕು, ಅದಕ್ಕೆ ಲೂಪ್.

ಲೂಪ್‌ನಲ್ಲಿ ಕಾಪಿ ಮಾಡುವಾಗ ಕಾಣುವ ಸೆಲ್‌ಗಳನ್ನು ಮಾತ್ರ ತೆಗೆದುಕೊಳ್ಳುವುದು ಸ್ಪೆಷಲ್‌ಸೆಲ್ಸ್. ಒಂದು ವಿಭಾಗದಲ್ಲಿ ಅವತ್ತು ಬಾಕಿಯೇ ಇಲ್ಲದಿದ್ದರೆ, ಶೀರ್ಷಿಕೆ ಬಿಟ್ಟು ಕೇಳಿದಾಗ ಅದು ಮತ್ತೆ 1004 ಕೊಡುತ್ತದೆ. ಮೊದಲು ಸಬ್‌ಟೋಟಲ್ 103ರಿಂದ ಕಾಣುವ ಸಾಲು ಎಣಿಸಿ. ಸೊನ್ನೆ ಆದರೆ ಮುಂದಿನ ವಿಭಾಗಕ್ಕೆ ಹೋಗಿ. ಎಲ್ಲಾ ಕಡೆ ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ (ದೋಷ ಬಂದರೂ ಮುಂದೆ ಹೋಗು) ಹಾಕಿ ಬಾಯಿ ಮುಚ್ಚಿಸಬೇಡಿ. ದೋಷ ಬಂದಾಗ ಅದು ಕಾಣಬೇಕು.

ತಾಳೆ_ಪಟ್ಟಿ

ನನ್ನ ಒಂದು ಕೋರಿಕೆ. ಮ್ಯಾಕ್ರೋ ಕೊನೆಯಲ್ಲಿ ತಾಳೆ ನೋಡಿಸಿ. ಮೂಲ ಹಾಳೆಯಲ್ಲಿ ಬಾಕಿ ಎಷ್ಟು, ವಿಭಾಗದ ಶೀಟ್‌ಗಳಲ್ಲಿ ಬಿದ್ದ ಸಾಲು ಒಟ್ಟು ಎಷ್ಟು. ಎರಡೂ ಒಂದೇ ಆಗದಿದ್ದರೆ ಸಂದೇಶ ಬರಲಿ. ಎರಡು ಸಾಲು ಕೋಡ್ ಜಾಸ್ತಿ ಅಷ್ಟೇ. ಮೊದಲ ದಿನವೇ ಇದು ಇದ್ದಿದ್ದರೆ ಜಾರಿ ಬಂದದ್ದು ಆಗಲೇ ಹಿಡಿಯಬಹುದಿತ್ತು. ಆದರೆ ಮೂಲದ ಎಣಿಕೆಗೆ ಫಿಲ್ಟರ್ ಬಳಸಬೇಡಿ, ಹಾಳೆಯ ಸೆಲ್‌ನಲ್ಲೇ ಕೌಂಟ್‌ಇಫ್ ಬರೆಯಿರಿ. ಒಂದೇ ತಪ್ಪು ಎರಡೂ ಕಡೆ ಆದರೆ ತಾಳೆ ಆಗಿಬಿಡುತ್ತದೆ.

ಹೊಸ_ಹಾಳೆ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಓಡುತ್ತಿದೆ!

ಮೂಲ ಹಾಳೆಯನ್ನು ಪ್ರತಿ ಮಾಡಿ, ಟೇಬಲ್ ಮಾಡಿ, ಕ್ರಮಸಂಖ್ಯೆ ಕಾಲಂ ಹೇಗೂ ಇತ್ತು, ಅದನ್ನು ಮುಟ್ಟದೆ ಇಟ್ಟೆ. ದಿನಾಂಕ ಕಾಲಂ ಈಗ ಡೇಟಾ ಟ್ಯಾಬ್‌ನಿಂದ ಒಳಗೆ ಬರುತ್ತದೆ. ಮೊದಲು ಸಾರ್ಟ್, ಆಮೇಲೆ ಫಿಲ್ಟರ್. ನಿಯಮ ಶೀಟ್‌ನಲ್ಲಿ ಎಲ್ಲಾ ಕನ್ನಡ ಪದ. 40 ನಿಮಿಷದ ಕೆಲಸ ಈಗ ಬಟನ್ ಒತ್ತಿ ನೀರು ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ.

@ತಾಳೆ_ಪಟ್ಟಿ, ನಿಮಗೆ ವಿಶೇಷ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಸಂದೇಶ ಬಂತು: ಬಾಕಿ 137, ಹಂಚಿದ್ದು 136. ಹುಡುಕಿದರೆ ಒಂದು ಸಾಲಿನಲ್ಲಿ ವಿಭಾಗವೇ ಖಾಲಿ ಬಿಟ್ಟಿದ್ದರು. ಆ ದೂರು ಬಂದು 22 ದಿನ ಆಗಿದೆ, ಯಾರ ಪಟ್ಟಿಯಲ್ಲೂ ಇರಲಿಲ್ಲ. ಕೈಯಲ್ಲಿ ಮಾಡುವಾಗಲೂ ನಾನು ಅದನ್ನು ಕಂಡಿರಲಿಲ್ಲ. ಇವತ್ತೇ ಸಂಬಂಧಪಟ್ಟವರಿಗೆ ಕಳಿಸಿದೆ.

ತಾಳೆ_ಪಟ್ಟಿ

ಓದಿ ತುಂಬಾ ಖುಷಿ ಆಯಿತು. ವಿಭಾಗ ಖಾಲಿ ಇರುವುದಕ್ಕೆ ಒಂದು ಶೀಟ್ ಮಾಡಿಬಿಡಿ. ಫಿಲ್ಟರ್‌ನಲ್ಲಿ ಬರೀ ಸಮ ಚಿಹ್ನೆ ಕೊಟ್ಟರೆ ಖಾಲಿ ಸೆಲ್‌ಗಳು ಬರುತ್ತವೆ.

ಹೊಸ_ಹಾಳೆ

ಮಾಡಿದೆ. ಹಳೇ ಪಟ್ಟಿಗಳ ಮೇಲೂ ಓಡಿಸಿ ನೋಡುತ್ತಿದ್ದೇನೆ, ಇನ್ನೂ ಮೂರು ಸಿಕ್ಕಿವೆ.